ನಾನು ಎರಡು ಸಲ ಹೇಳಿದ ಆಮೆನ್

ಕೋವಿಡ್ ತಣ್ಣಗಾದ ಮರುವರ್ಷ ನಾನು ಐರ್ಲೆಂಡಿನ ಕಾರ್ಕ್ ನಗರದ ಹತ್ತಿರದ ರಿಂಗಾಸ್ಕಿಡಿಯಲ್ಲಿ ಒಂದು ಔಷಧ ಕಾರ್ಖಾನೆಯ ಸೇಫ್ಟಿ ಆಫೀಸರ್ ಆಗಿದ್ದೆ. ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ, ಅದಕ್ಕೇ ಸಂಬಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮದು ಬೆಟಗೇರಿಯ ಕ್ರೈಸ್ತ ಮನೆತನ. ಮನೆಯ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ದಿನಕ್ಕೊಂದು ಹೊಸ ಸ್ತೋತ್ರ ಹೇಳಬೇಕು, ಅಂದರೆ ಆ ದಿನ ದೇವರು ಮಾಡಿದ ಒಂದು ಉಪಕಾರವನ್ನು ನೆನೆಯಬೇಕು. "ನಿನ್ನೆದು ನಡೆಯಂಗಿಲ್ಲ, ಹೊಸಾದು ಹೇಳು" ಎಂದು ಅವ್ವ ಗದರುತ್ತಿದ್ದಳು. ನಮ್ಮಂತೆಯೇ ಕ್ರೈಸ್ತನಾದ ಹುಬ್ಬಳ್ಳಿಯ ಪ್ರಸನ್ನ ಸಿಕ್ಕಿದ ಮೇಲೆ ಆ ರೂಢಿ ಕಾರ್ಖಾನೆಯ ಕ್ಯಾಂಟೀನಿಗೂ ಬಂತು. ಅವನು ಟ್ಯಾಂಕ್ ತೊಳೆಯುವ ವಿಭಾಗದ ಆಪರೇಟರ್. ಊಟಕ್ಕೆ ಮೊದಲು ಅವನದೊಂದು ಸ್ತೋತ್ರ, ನನ್ನದೊಂದು, ಕೊನೆಗೆ ಆಮೆನ್. "ಇವತ್ತ ಮಳಿ ಇಲ್ರೀ ಅಕ್ಕಾರ, ಸ್ತೋತ್ರ" ಎಂದರೆ, "ಕಾರ್ಕ್‌ನ್ಯಾಗ ಅದು ಪವಾಡನ ಬಿಡೋ" ಎಂದು ನಗುತ್ತಿದ್ದೆ.

ಒಂದು ಸೋಮವಾರ ಪ್ರಸನ್ನ ಹೇಳಿದ: "ಕಾಸ್ಟಿಕ್ ಪೈಪಿನ ಕ್ಲ್ಯಾಂಪ್ ಕಳಚಿತ್ರಿ. ನಾ ಆಗಷ್ಟ ಈ ಕಡೆ ಬಂದಿದ್ದೆ. ದೇವರು ಕಾಯ್ದ." ಆಮೆನ್ ಅಂದೆ. ಗುರುವಾರ ಮತ್ತೆ: "ಅದ ಕ್ಲ್ಯಾಂಪ್ ರೀ. ಕೈಗವಸಿನ ಮ್ಯಾಲಷ್ಟ ಸಿಡೀತು. ಸ್ತೋತ್ರ." ಮತ್ತೆ ಆಮೆನ್ ಅಂದೆ, ಡಬ್ಬಿ ಬಿಚ್ಚಿ ಚಪಾತಿ ತಿಂದೆ. ಹೀಗೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತವನ್ನು ನಮ್ಮ ವೃತ್ತಿಯಲ್ಲಿ ನಿಯರ್ ಮಿಸ್ ಎನ್ನುತ್ತಾರೆ. ಅದನ್ನು ಅಂದೇ ಫಾರ್ಮಿನಲ್ಲಿ ಬರೆದು, ಲೈನ್ ನಿಲ್ಲಿಸಿ ನೋಡಬೇಕು. ಊರಿಗೆಲ್ಲ ಅದನ್ನು ಕಲಿಸುವವಳು ನಾನು! ಆದರೆ ಪ್ರಾರ್ಥನೆಯಲ್ಲಿ ಕೇಳಿದ್ದನ್ನು ನಾನು ಪ್ರಾರ್ಥನೆಯಲ್ಲೇ ಬಿಟ್ಟು ಎದ್ದೆ.

ಮರುವಾರ, ಪೈಪಿನ ಜೋಡಣೆಯನ್ನು ಬಿಗಿಹಿಡಿದಿದ್ದ ಆ ಕ್ಲ್ಯಾಂಪ್ ಪೂರ್ತಿ ಕಿತ್ತು ಬಂತು. ಕಾಸ್ಟಿಕ್ ಎಂದರೆ ಚರ್ಮ, ಕಣ್ಣು ಎರಡನ್ನೂ ಸುಡುವ ದ್ರಾವಣ. ಅದು ಗಾಗಲ್ಸ್‌ನ ಅಂಚಿನಿಂದ ಒಳಗಿಳಿದು ಪ್ರಸನ್ನನ ಎಡಗಣ್ಣಿಗೆ ಬಿತ್ತು. ಆಂಬುಲೆನ್ಸ್ ಬರುವವರೆಗೂ ನಾನೇ ಅವನ ರೆಪ್ಪೆ ಬಿಡಿಸಿ ಹಿಡಿದು ನೀರು ಬಿಟ್ಟೆ. "ಅಕ್ಕಾರ, ಏನೂ ಕಾಣವಲ್ದು" ಎಂದು ಅವನು ಒದ್ದಾಡುತ್ತಿದ್ದ.

ಮೂರನೇ ದಿನ ಪ್ಲ್ಯಾಂಟ್ ಮ್ಯಾನೇಜರ್ ನನ್ನನ್ನು ಕರೆದ. ವರದಿ ಆಗಲೇ ತಯಾರಾಗಿತ್ತು: ಕ್ಲ್ಯಾಂಪ್ ಕಳಚುತ್ತಿದ್ದುದನ್ನು ಆಪರೇಟರ್ ತಿಳಿಸಿಲ್ಲ, ತಪ್ಪು ಅವನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆ ಲೈನಿನ ಕ್ಲ್ಯಾಂಪ್ ಬದಲಿಸುವ ಕೆಲಸವನ್ನು ಮುಂದೂಡುತ್ತ ಬಂದವನು ಈ ಮ್ಯಾನೇಜರನೇ ಎಂದು ನಾನು ಹಿಂದಿನ ದಿನವಷ್ಟೇ ಫೈಲಿನಲ್ಲಿ ನೋಡಿದ್ದೆ. ನಾನು ಸಹಿ ಹಾಕಿದರೆ ಪ್ರಸನ್ನನ ಕೆಲಸ ಹೋಗುತ್ತಿತ್ತು, ಅದರ ಜೊತೆಗೆ ಆ ದೇಶದಲ್ಲಿ ಉಳಿಯಲು ಬೇಕಾದ ವರ್ಕ್ ಪರ್ಮಿಟ್ಟೂ.

"ಕಣ್ಣು ಉಳಿಯಬಹುದು ಅಂತ ಡಾಕ್ಟರ್ ಹೇಳಿದ್ದಾರಲ್ಲ. ನೀವು ದೇವರನ್ನು ನಂಬುವವರು, ಕೃತಜ್ಞರಾಗಿರಿ" ಎಂದ ಆ ಮನುಷ್ಯ, ಇಂಗ್ಲಿಷಿನಲ್ಲಿ, ನಗುತ್ತ.

ಸಿಟ್ಟು ನೆತ್ತಿಗೇರಿತು. "ನಮ್ಮ ಸ್ತೋತ್ರ ದೇವರಿಗೆ. ನಿಮ್ಮ ತುಕ್ಕು ಹಿಡಿದ ಕ್ಲ್ಯಾಂಪಿಗಲ್ಲ. ಅವನು ಎರಡು ಸಲ ತಿಳಿಸಿದ್ದಾನೆ, ಸೇಫ್ಟಿ ಆಫೀಸರಿಗೇ ತಿಳಿಸಿದ್ದಾನೆ. ಬರೆಯದವಳು ನಾನು. ಅದನ್ನು ಬರೆದುಕೊಳ್ಳಿ" ಎಂದೆ. ಅವನು ಬರೆಯಲಿಲ್ಲ. ನಾನೇ ಬರೆದು, ಕ್ಲ್ಯಾಂಪ್ ಬದಲಿಸುವುದನ್ನು ಮುಂದೂಡಿದ ಕಾಗದಗಳನ್ನೂ ಲಗತ್ತಿಸಿ ಕಂಪನಿಯ ಮುಖ್ಯ ಕಚೇರಿಗೆ ಕೊಟ್ಟೆ.

ಪ್ರಸನ್ನನ ಕೆಲಸ ಉಳಿಯಿತು. ನನಗೆ ಲಿಖಿತ ಎಚ್ಚರಿಕೆ ಬಂತು, ಬರಬೇಕಾಗಿದ್ದ ಬಡ್ತಿ ಹೋಯಿತು. ಹಾಳಾಗಿ ಹೋಗಲಿ. ಮ್ಯಾನೇಜರ್ ಮಾತ್ರ ಅದೇ ಕುರ್ಚಿಯಲ್ಲಿ ಕೂತಿದ್ದ, ಆ ಸಿಟ್ಟು ಇನ್ನೂ ಆರಿಲ್ಲ. ಸ್ತೋತ್ರ ಹೇಳುವುದನ್ನು ನಾನು ಬಿಟ್ಟಿಲ್ಲ. ಆದರೆ ಯಾರಾದರೂ "ದೇವರು ಕಾಯ್ದ" ಎಂದರೆ, ಯಾವುದರಿಂದ ಎಂದು ಮೊದಲು ಕೇಳುತ್ತೇನೆ.

ಎರಡು ತಿಂಗಳ ಮೇಲೆ ಪ್ರಸನ್ನ ಮರಳಿ ಬಂದ. ಎಡಗಣ್ಣಿನ ದೃಷ್ಟಿ ಇನ್ನೂ ಮಂಜಾಗಿತ್ತು. ಕ್ಯಾಂಟೀನಿನಲ್ಲಿ ತಲೆ ಬಗ್ಗಿಸಿ, "ಹೊಸಾ ಕ್ಲ್ಯಾಂಪ್ ಹಾಕ್ಯಾರ್ರೀ ಅಕ್ಕಾರ. ಸ್ತೋತ್ರ" ಎಂದ.

"ತಡಿ" ಎಂದು ಎದ್ದೆ. ಊಟದ ಹೊತ್ತು, ಲೈನ್ ನಿಂತಿತ್ತು. ಹೆಲ್ಮೆಟ್, ಗಾಗಲ್ಸ್ ಹಾಕಿಕೊಂಡು ಹೋಗಿ, ಒಂದೊಂದು ಕ್ಲ್ಯಾಂಪನ್ನೂ ಕೈಯಾರೆ ಜಗ್ಗಿ ನೋಡಿದೆ. ತಿರುಗಿ ಬರುವಷ್ಟರಲ್ಲಿ ಊಟ ಆರಿತ್ತು, ಪ್ರಸನ್ನ ಇನ್ನೂ ತಲೆ ಬಗ್ಗಿಸಿಯೇ ಕೂತಿದ್ದ.

ಆಗ ಆಮೆನ್ ಅಂದೆ.