ಬೆನ್ನ ಹಿಂದಿನ ಊರು

ನದೀತೀರದ ಊರುಗಳ ಚರಿತ್ರೆಯನ್ನು ಬರೆದಿಟ್ಟ ವಿದ್ವಾಂಸರು ಹಲವರಿರಬಹುದು. ಅದನ್ನು ನೀರಿನ ಮೇಲೆಯೇ ನಿಂತು, ಎದುರುಗಾಳಿಗೆ ಜಗ್ಗದೆ, ಬಂದವರಿಗೆಲ್ಲ ಬಾಯ್ತುಂಬ ಹೇಳಿದವರು ನಮ್ಮ ವಸ್ತುಸಂಗ್ರಹಾಲಯದ ಅಧಿಕಾರಿಗಳಾಗಿದ್ದು ಈಗ ನಿವೃತ್ತರಾಗಿರುವ ದೊಡ್ಡಮೇಡಂ ಒಬ್ಬರೇ. ಅವರ ಕೈಕೆಳಗೆ ಪಳಗಿದವಳು ಎನ್ನಿಸಿಕೊಳ್ಳುವುದೇ ನನಗೊಂದು ಹೆಮ್ಮೆ.

ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವರು ವಾರಕ್ಕೊಮ್ಮೆ ಮೋಟಾರು ದೋಣಿಯ ಪ್ರವಾಸ ಆರಂಭಿಸಿದರು. ಉಪ್ಪು ಹೊತ್ತ ದೋಣಿಗಳು ಬಂದು ನಿಲ್ಲುತ್ತಿದ್ದ ಉಗ್ರಾಣಗಳು, ಸುಂಕದ ಮನೆ, ಪ್ರವಾಹಕ್ಕೆ ಸಿಕ್ಕಿ ಕಂಬಗಳಷ್ಟೇ ಉಳಿದ ಹಳೆಯ ಸೇತುವೆ, ಎಲ್ಲಕ್ಕೂ ಅವರಲ್ಲಿ ಒಂದೊಂದು ಕಥೆ. ಪ್ರಯಾಣಿಕರ ಕಡೆ ಮುಖ ಮಾಡಿ ನಿಲ್ಲುತ್ತಿದ್ದುದರಿಂದ ಅವರಿಗೆ ಊರು ಸದಾ ಬೆನ್ನ ಹಿಂದೆ. ನೋಡುವವರ ಎಡ ಅವರಿಗೆ ಬಲ. ಈ ಅಭ್ಯಾಸ ನೆಲಕ್ಕಿಳಿದ ಮೇಲೂ ಬಿಡದೆ, ಅವರನ್ನು ದಾರಿ ಕೇಳಿ ಅಂಚೆ ಕಚೇರಿಗೆ ಹೊರಟವರು ಆಸ್ಪತ್ರೆ ಸೇರಿದ್ದುಂಟು. "ಇವಳು ಎಡ ಅಂದ್ರೆ ನಾನು ಕಣ್ಮುಚ್ಚಿ ಬಲಕ್ಕೆ ತಿರುಗ್ತೀನಿ" ಎನ್ನುತ್ತಾರೆ ಅವರ ಯಜಮಾನರು.

ಮೊದಲ ಸಲ ಮೈಕು ಹಿಡಿದು ನಾನು ಒಂದೇ ಮಾತನ್ನು ಮೂರು ಸಲ ತೊದಲಿದಾಗ ಮೇಡಂ ಎದ್ದು, "ಕ್ಷಮಿಸಿ, ಮೈಕು ಕೈಕೊಟ್ಟಿದೆ" ಎಂದು ಎಲ್ಲರಿಗೂ ಹೇಳಿ ನನ್ನ ಮಾನ ಉಳಿಸಿದರು. ಮೈಕು ಚೆನ್ನಾಗಿಯೇ ಇತ್ತು. ಆ ಉಪಕಾರವನ್ನು ನಾನು ಮರೆಯಲಾರೆ.

ನಿವೃತ್ತಿ ಹತ್ತಿರವಾದಾಗ ಪುರಸಭೆಯ ಅಧ್ಯಕ್ಷರು, ಮೇಡಂ ಇಲ್ಲದ ಮೇಲೆ ದೋಣಿ ಏಕೆ, ಅದನ್ನೂ ನಿಲ್ಲಿಸಿಬಿಡೋಣ ಎಂದರು. ಮೇಡಂ ಜಗಳಕ್ಕೆ ಹೋಗದೆ, ತಮ್ಮ ಕೊನೆಯ ಪ್ರವಾಸಕ್ಕೆ ಅಧ್ಯಕ್ಷರನ್ನೇ ಕರೆತಂದು, ಮೈಕನ್ನು ನನ್ನ ಕೈಗಿತ್ತು, ತಾವು ಯಜಮಾನರ ಪಕ್ಕ ಮೊದಲ ಸಾಲಿನಲ್ಲಿ ಕುಳಿತುಬಿಟ್ಟರು.

ನಾನು ತಡವರಿಸಿದರೆ ದೋಣಿಯ ಕಥೆ ಮುಗಿದಂತೆ. ಹೇಗೋ ಮಾತಾಡುತ್ತ ಹೋದೆ. ನದಿ ತಿರುಗಿ, ಊರು ಒಮ್ಮೆಗೇ ತೆರೆದುಕೊಳ್ಳುವ ಜಾಗ ಬಂತು. ಆ ನೋಟವನ್ನು ಮೇಡಂ ಅಷ್ಟು ವರ್ಷ ಪ್ರಯಾಣಿಕರ ಮುಖಗಳಲ್ಲಷ್ಟೇ ಕಂಡಿದ್ದರು.

"ಮುಂದೆ, ನಿಮ್ಮ ಎಡಕ್ಕೆ ನೋಡಿ" ಎಂದೆ.

ದೋಣಿಗೆ ದೋಣಿಯೇ ಎಡಕ್ಕೆ ತಿರುಗಿತು. ಮೇಡಂ ಒಬ್ಬರೇ ಬಲಕ್ಕೆ. ಯಜಮಾನರು ನಗುತ್ತ ಅವರ ಹೆಗಲು ಹಿಡಿದು ತಿರುಗಿಸಿದರು. ಇಳಿಬಿಸಿಲಲ್ಲಿ ಉಗ್ರಾಣಗಳ ಕೆಂಪು ಗೋಡೆ, ನೀರಿಗಿಳಿದ ಸುಂಕದ ಮನೆಯ ಮೆಟ್ಟಿಲು, ಕಂಬಗಳ ನಡುವೆ ಥಳಥಳಿಸುವ ಹೊಳೆ. ಮೇಡಂ ಎದ್ದೇ ನಿಂತರು.

"ಅಯ್ಯೋ, ಇಷ್ಟು ಚೆನ್ನಾಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ರೀ!"

ಜನ್ಮವಿಡೀ ಅದನ್ನೇ ಹೇಳಿದವರ ಬಾಯಲ್ಲಿ ಈ ಮಾತು ಕೇಳಿ ನಕ್ಕು ನಕ್ಕು ನಮಗೆ ಸುಸ್ತಾಯಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ತೋರಿಸಿದವ್ರೇ ಇನ್ನೂ ಸರಿಯಾಗಿ ನೋಡಿಲ್ಲ ಅಂದ್ಮೇಲೆ, ದೋಣಿ ನಿಲ್ಸೋದು ಹೇಗಮ್ಮಾ?" ಎಂದು ನನ್ನನ್ನೇ ಕೇಳಿದರು.

ದೋಣಿ ಉಳಿಯಿತು. ದೊಡ್ಡಮೇಡಂ ನೂರ್ಕಾಲ ಸುಖವಾಗಿ ಬಾಳಲಿ, ಬರೆಯಲು ಹಿಡಿದಿರುವ ಊರಿನ ಚರಿತ್ರೆ ಅವರ ಕೈಯಲ್ಲೇ ಪೂರ್ತಿಯಾಗಲಿ. ಮೊದಲ ಸಾಲಿನ ಆ ಜಾಗ ಎಂದೆಂದಿಗೂ ಅವರದೇ. ನಾನು ಎಡ ಎಂದಾಗ ಅವರು ಬಲಕ್ಕೆ ನೋಡಿದರೆ ಚಿಂತೆಯಿಲ್ಲ; ಅವರು ಇತ್ತ ತಿರುಗುವವರೆಗೆ ನಾನು ಕಥೆ ಮುಂದುವರಿಸುವುದಿಲ್ಲ.