ನಮ್ಮತ್ತೆ ನನಗೆ ಹೊಡೆದಿರಲಿಲ್ಲ

ಮೊನ್ನೆ ಮೊಮ್ಮಗಳು ರೂಟ್ ಕೆನಾಲ್ ಮಾಡಿಸಿಕೊಂಡು ಬಂದಳು. ಕೆನ್ನೆಗೆ ಐಸ್ ಒತ್ತಿಕೊಂಡು ಸ್ವಲ್ಪ ಹೊತ್ತು ಮಲಗಿದಳು, ಎದ್ದು ಐಸ್‌ಕ್ರೀಮ್ ತಿಂದಳು, ಮುಗಿಯಿತು. ಯಾರೂ ನೋಡಲು ಬರಲಿಲ್ಲ, ಯಾರೂ ವಿಚಾರಣೆ ಮಾಡಲಿಲ್ಲ, ಊರಿಂದ ಊರಿಗೆ ಸುದ್ದಿ ಹೋಗಲಿಲ್ಲ. ಇದೂ ಒಂದು ರೂಟ್ ಕೆನಾಲಾ ಅನ್ನಿಸಿತು. ನನ್ನದನ್ನು ಹೇಳಿದೆ. ಬಿದ್ದು ಬಿದ್ದು ನಕ್ಕು, ಫೋನಿಗೆ ಕನ್ನಡ ಅಕ್ಷರ ಹಾಕಿಕೊಟ್ಟು, "ಬರಿ ಅಜ್ಜಿ" ಎಂದಳು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಮದುವೆಯಾಗಿ ಕೊಟ್ಟೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ನಾಗರ ಪಂಚಮಿಗೆ ಅಣ್ಣ ತವರೂರು ತಂಬ್ರಹಳ್ಳಿಯಿಂದ ಕರೆಯಲು ಬರುವವನಿದ್ದ. ನಾನು ಮನಸ್ಸಿನಲ್ಲಿ ಆಗಲೇ ಜೋಕಾಲಿ ಹತ್ತಿ ಕೂತಿದ್ದೆ. ಅಷ್ಟರಲ್ಲಿ ದವಡೆ ಹಲ್ಲಿನ ನೋವು ಎದ್ದಿತು.

ನಮ್ಮ ಕಡೆ ಆಗ ಹಲ್ಲು ನೋವಿಗೆ ಒಂದೇ ಮದ್ದು, ಕೀಳಿಸುವುದು. ಆದರೆ ನಮ್ಮ ಯಜಮಾನರು ಹರಪನಹಳ್ಳಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಹಲ್ಲು ಉಳಿಸಿಕೊಡುವ ಡಾಕ್ಟರೊಬ್ಬರು ದಾವಣಗೆರೆಯಲ್ಲಿದ್ದಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಮೊದಲೆರಡು ಸಲ ಯಜಮಾನರೇ ಕರೆದುಕೊಂಡು ಹೋದರು. ಬೇರು ತುಂಬುವ ದಿನ ರಜೆ ಸಿಗದೆ ಅತ್ತೆಯನ್ನು ಜೊತೆಗೆ ಕಳಿಸಿದರು.

ಡಾಕ್ಟರು ಗಾಜಿನ ತುಂಡಿನ ಮೇಲೆ ಬಿಳಿಯ ಪುಡಿಗೆ ಎಣ್ಣೆಯಂಥದ್ದು ಹಾಕಿ ಕಲಸುತ್ತಿದ್ದರು. ಕೋಣೆಯೆಲ್ಲ ಲವಂಗದ ವಾಸನೆ. ಅತ್ತೆ ಕುರ್ಚಿಯ ಪಕ್ಕಕ್ಕೇ ಬಂದು ನಿಂತರು.

"ಇದೇನ್ರಿ ಮಾಡಾಕತ್ತೀರಿ?"

"ಬೇರಿನ ಒಳಗಿನ ನರ ತೆಗೆದು ಸ್ವಚ್ಛ ಮಾಡಿದೀನಿ ಅಮ್ಮಾ. ಖಾಲಿ ಬಿಟ್ರೆ ಮತ್ತೆ ಕೀವಾಗುತ್ತೆ. ಅದಕ್ಕೆ ರಬ್ಬರಿನಂಥ ಕಡ್ಡಿ ಇಟ್ಟು, ಸಂದು ಉಳೀದಂಗೆ ಈ ಲೇಪ ಹಾಕಿ ಮುಚ್ತೀನಿ."

"ಇಲಿ ಬಿಲಕ್ಕ ನಾವೂ ಸಿಮೆಂಟ್ ಬಡೀತೀವ್ರಿ. ಇಲಿ ಒಳಗ ಉಳಿದಿಲ್ಲಂತ ನೋಡೀರೇನ್ರಿ?"

"ನೋಡಿದೀನಿ ಅಮ್ಮಾ."

"ಮರಿ?"

ಡಾಕ್ಟರು ಬಗ್ಗಿ ಕೆಲಸ ಮುಂದುವರಿಸಿದರು. ಬಾಯಲ್ಲಿ ಹತ್ತಿ ತುಂಬಿದ್ದರಿಂದ ನಗಲೂ ಆಗದೆ ನಾನು ಮೂಗಿನಿಂದ ಏನೋ ಸದ್ದು ಮಾಡಿದೆ. ನೋವಾಯಿತೆಂದುಕೊಂಡು ಪಾಪ, ಅತ್ತೆ ನನ್ನ ಕಾಲು ಹಿಡಿದುಕೊಂಡರು.

ಹೊರಡುವಾಗ ಡಾಕ್ಟರು ಹೇಳಿದರು. ನಾಲ್ಕಾರು ದಿನ ನೋವಿರುತ್ತದೆ, ಸ್ವಲ್ಪ ಊದಲೂಬಹುದು, ಹೆದರಬೇಡಿ. ಗುಳಿಗೆ ನುಂಗಿ, ಬಿಸಿ ಉಪ್ಪುನೀರು ಮುಕ್ಕಳಿಸಿ. ಹಲ್ಲಿಗೆ ಟೋಪಿ ಹಾಕುವವರೆಗೆ ಆ ಕಡೆ ಗಟ್ಟಿ ಕಡಿಯಬೇಡಿ.

"ನರನ ತಗದ ಮ್ಯಾಲ ನೋಯೋದು ಏನ್ರಿ?" ಎಂದರು ಅತ್ತೆ.

"ಸುತ್ತಲಿನ ಮಾಂಸ ಅಮ್ಮಾ. ಮುಳ್ಳು ತೆಗೆದ ಮೇಲೂ ಕಾಲು ಎರಡು ದಿನ ನೋಯಲ್ವಾ?"

ಅದೊಂದು ಮಾತು ಅತ್ತೆಗೆ ಸರಿ ಅನ್ನಿಸಿತು.

ಬಸ್ಸು ಹರಪನಹಳ್ಳಿ ಸೇರುವ ಹೊತ್ತಿಗೆ ಸೂಜಿಯ ಜೋಮು ಇಳಿದು, ಕೆನ್ನೆ ಏರತೊಡಗಿತು. ಕಣ್ಣಲ್ಲಿ ನೀರು. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ ಎದುರಿಗೆ ಕೂತು ನನ್ನನ್ನು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. ಬರೀ ನೋಡಿದಳು, ಅಷ್ಟೇ.

"ನಾ ಹೊಡ್ದಿಲ್ಲವ್ವಾ," ಎಂದರು ಅತ್ತೆ. "ಹಲ್ಲಿಂದು."

"ನಾ ಏನರ ಕೇಳಿದ್ನೇನವ್ವಾ?" ಎಂದು ಅವಳು ಬುಟ್ಟಿಯನ್ನು ತನ್ನ ಹತ್ತಿರ ಎಳೆದುಕೊಂಡಳು.

ಅಲ್ಲಿಂದ ಇಡೀ ಬಸ್ಸು ನಮ್ಮ ಕಡೆಗೆ ತಿರುಗಿತು. ಅತ್ತೆ ನನ್ನ ಮೊಣಕೈ ತಿವಿದು, "ಹೇಳಲೇ ನೀನರ, ನಾ ಹೊಡ್ದಿಲ್ಲಂತ ಹೇಳು" ಎಂದರು. ನಾನು ಬಾಯಿ ತೆರೆದೆ. ಮಾತು ಬರುವ ಮೊದಲು ಅಳು ಬಂತು. ಹಿಂದಿನ ಸೀಟಿನ ಅಜ್ಜ, "ಹೆದರಿಸಬ್ಯಾಡ್ರವ್ವಾ ಹುಡುಗೀನ" ಎಂದ.

ಮನೆಗೆ ಬಂದ ಮೇಲೆ ಅತ್ತೆಗೆ ನನ್ನ ನೋವಿನ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡ ಚಿಂತೆ ಅಣ್ಣನದು. ಪಂಚಮಿಗೆ ಕರೆಯಲು ಬಂದವನು ಈ ಮುಖ ನೋಡಿದರೆ ಮುಗಿಯಿತು. ಕೊಟ್ಟೂರಿನವರು ಸೊಸೆಯನ್ನು ಹೊಡೆಯುತ್ತಾರೆ ಎಂದು ತಂಬ್ರಹಳ್ಳಿಯ ತುಂಬ ಸುದ್ದಿಯಾಗುತ್ತದೆ.

"ಬಾವು ಇಳಿಯೋತನ ನಿನ್ನ ತವರಿಗೆ ಕಳಸಾಂಗಿಲ್ಲ ನೋಡು," ಎಂದರು. "ಅವ ಬಂದ್ರ ಬರಲಿ, ಸಜ್ಜಕ ಉಂಡು ಹೋಗ್ಲಿ."

ನನ್ನ ಜೋಕಾಲಿ ಈಗ ಈ ಕೆನ್ನೆಯ ಮೇಲೆ ನಿಂತಿತು.

ದಿನಾ ಬೆಳಿಗ್ಗೆ ನಳದ ಹತ್ತಿರ ಬೆಳಕಿಗೆ ನಿಲ್ಲಿಸಿ, ಎರಡು ಅಂಗೈಯಿಂದ ಎರಡೂ ಕೆನ್ನೆ ಹಿಡಿದು ತೂಗಿ ನೋಡುತ್ತಿದ್ದರು. ನೀರಿಗೆ ಬಂದವರು ಕೊಡ ಕೆಳಗಿಟ್ಟು ನೋಡುತ್ತಿದ್ದರು.

"ಹೊಡದ ಕೈಲೇ ಸವರಾಕತ್ತ್ಯಾಳ ನೋಡು," ಎಂದಳು ಒಬ್ಬಳು, ನಮಗೆ ಕೇಳುವಷ್ಟು ಮೆಲ್ಲಗೆ.

ಅತ್ತೆಗೆ ಸಿಟ್ಟು ಬಂದು, ತಾವೆಂಥವರು ಎಂದು ಓಣಿಗೆ ತೋರಿಸಲು ಹೊರಟರು. ನನ್ನನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂಡಿಸಿ, ಹಾಲನ್ನ ಕಲಸಿ, ಎಲ್ಲರ ಎದುರಿಗೆ ತುತ್ತು ಮಾಡಿ ಉಣಿಸಿದರು. ಒಲೆಯ ಝಳಕ್ಕೆ ಹಲ್ಲು ಸಿಡಿಯುತ್ತದೆಂದು ರೊಟ್ಟಿ ಬಡಿಯುವುದನ್ನು ಬಿಡಿಸಿದರು. ಸಂಜೆಗೆ ಶಾವಿಗೆ ಪಾಯಸ. ನಾನು ಯಾವುದನ್ನೂ ಬೇಡ ಅನ್ನಲಿಲ್ಲ. ಓಣಿಯವರು ಮಾತ್ರ, ಏಟು ಜೋರಾಗಿಯೇ ಬಿದ್ದಿರಬೇಕು, ಇಲ್ಲದಿದ್ದರೆ ಇಷ್ಟು ಉಪಚಾರ ಯಾಕೆ ಎಂದುಕೊಂಡರು.

ನೋವು ಡಾಕ್ಟರು ಹೇಳಿದಂತೆಯೇ ಇಳಿಯಿತು. ಮೊದಲು ಗಾಳಿ ತಾಕಿದರೂ ಚುರುಕ್ ಅನ್ನುತ್ತಿತ್ತು. ಆಮೇಲೆ ಹಲ್ಲಿಗೆ ಹಲ್ಲು ತಾಕಿದಾಗ ಮಾತ್ರ. ಕೊನೆಗೆ, ನಾನೇ ನಾಲಿಗೆಯಿಂದ ಒತ್ತಿ ಹುಡುಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಣ್ಣ ಬರುವ ದಿನ ಬೆಳಿಗ್ಗೆ ಅತ್ತೆ ಕೆನ್ನೆ ತೂಗಿ ನೋಡಿ, "ಸರಿ ಸಮ ಅದಾವು! ಬರ್ಲಿ ಈಗ ನಿಮ್ಮಣ್ಣ" ಎಂದು ಕುಣಿದರು.

ಅಣ್ಣ ಬಂದ. ಅವನ ಹಿಂದೆ ದೊಡ್ಡವ್ವನೂ ಬಂದಳು. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಬಸ್ಸಿನ ಸುದ್ದಿ ಬಸ್ಸಿನಲ್ಲೇ ತಂಬ್ರಹಳ್ಳಿಗೆ ಹೋಗಿತ್ತು. ಅವಳು ನೀರೂ ಮುಟ್ಟಲಿಲ್ಲ.

"ಎಲ್ಲಿ, ಮಾರಿ ತೋರ್ಸು," ಎಂದಳು. ತೋರಿಸಿದೆ.

"ನೋಡ್ರಿ ಬೀಗತಿ, ಏನರ ಐತೇನು?" ಎಂದರು ಅತ್ತೆ, ಗೆದ್ದವರಂತೆ.

"ಬಾವು ಇಳಿದ ಮ್ಯಾಲ ತೋರಸಾಕತ್ತೀರಿ. ಏನಿರ್ತೈತಿ?"

"ಹಲ್ಲಿಂದ ಊದಿತ್ತು! ಬಾಯಿ ತಗಿಯಲೇ!"

ತೆಗೆದೆ. ಅಣ್ಣ ಬ್ಯಾಟರಿ ಹಿಡಿದ. ದೊಡ್ಡವ್ವ ಒಳಗೆ ಇಣುಕಿದಳು.

"ಹಲ್ಲು ಇದ್ದಲ್ಲೇ ಐತಲ್ಲ! ಹಲ್ಲಿನ ಡಾಕ್ಟರತ್ರ ಹೋದಾಕಿ ಹಲ್ಲು ಇಟಗೊಂಡು ಬರ್ತಾಳೇನು? ಯಾರಿಗೆ ಹೇಳ್ತೀರಿ ಕಥಿ?"

ಅತ್ತೆಯ ಮುಖ ಸಪ್ಪಗಾಯಿತು. ಹಲ್ಲು ಉಳಿಸಿಕೊಂಡದ್ದೇ ಈಗ ಅವರ ಮೇಲಿನ ಅಪವಾದಕ್ಕೆ ಸಾಕ್ಷಿಯಾಗಿತ್ತು. "ಒಳಗ ಸಿಮೆಂಟ್ ಐತ್ರಿ... ಲವಂಗದ್ದು..." ಎಂದರು. ಹಾಗೆ ಹೇಳಿದ ಮೇಲೆ ಅದು ಇನ್ನೂ ಸುಳ್ಳಿನಂತೆ ಕೇಳಿಸಿತು. ತುಂಬಿದ ಕಣ್ಣನ್ನು ಕೈಯಿಂದ ಒರೆಸಿಕೊಂಡರು. ಅಷ್ಟು ದಿನ ಹಾಲನ್ನ ಉಣಿಸಿದ ಕೈ ಅದು.

ಪಂಚಮಿಯ ಶೇಂಗಾ ಉಂಡಿ ಡಬ್ಬಿಯಲ್ಲಿತ್ತು. ನಮ್ಮತ್ತೆ ಪಾಕ ಏರಿಸಿದರೆ ಉಂಡಿ ಗುಂಡುಕಲ್ಲು. ಒಂದನ್ನು ತಂದು ಹೇಳಿದೆ, "ದೊಡ್ಡವ್ವಾ, ಈ ಹಲ್ಲಿನಾಗ ಹೋದ ತಿಂಗಳು ಮೆತ್ತನ್ನ ಅನ್ನ ಅಗಿಯಾಕ ಆಗ್ತಿದ್ದಿಲ್ಲ. ಈಗ ನೋಡು."

ದಾವಣಗೆರೆ ಡಾಕ್ಟರು ಅಲ್ಲಿದ್ದಿದ್ದರೆ ಅವರೇ ನನ್ನ ಕೆನ್ನೆಗೆ ಬಾರಿಸುತ್ತಿದ್ದರು. ಕಣ್ಣು ಮುಚ್ಚಿ ಕಡಿದೆ. ಕಟಕ್ ಎಂದು ಸದ್ದಾಯಿತು. ಅತ್ತೆ ಕಂಬ ಹಿಡಿದುಕೊಂಡರು. ಮುರಿದದ್ದು ಉಂಡಿ. ನಾನು ಕರಕರ ಅಗಿದು ನುಂಗಿ, ಇನ್ನೊಂದಕ್ಕೆ ಕೈ ಹಾಕಿದೆ.

"ಉಂಡೀನೇ ಮೆತ್ತಗಿರಬೇಕು, ತಾ ಇಲ್ಲಿ," ಎಂದು ದೊಡ್ಡವ್ವ ಕಸಿದುಕೊಂಡು ದವಡೆಗೆ ಇಟ್ಟು ಕಡಿದಳು.

"ಅಯ್ಯಯ್ಯಯ್ಯೋ, ಯವ್ವಾ!"

ಅವಳ ಹುಳುಕು ಹಲ್ಲು ಎಷ್ಟು ದಿನದಿಂದ ಸುಮ್ಮನೆ ಮಲಗಿತ್ತೋ, ಎದ್ದು ಕೂತಿತು. ಉಪ್ಪುನೀರು ಕಾಯಿಸಿದವರು ನಮ್ಮತ್ತೆಯೇ. ಮರುದಿನ ನಾವು ತಂಬ್ರಹಳ್ಳಿಗೆ ಹೊರಟಾಗ ನನ್ನ ಕೆನ್ನೆ ಚಂದಿರನಂತಿತ್ತು. ದೊಡ್ಡವ್ವನದು ಕುಂಬಳಕಾಯಿ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಹೆಂಗಸೊಬ್ಬಳು ಸಿಕ್ಕಳು.

"ಕೊಟ್ಟೂರಿಗೆ ಕೇಳಾಕ ಹೋಗಿದ್ಯಂತಲ್ಲಕ್ಕಾ..." ಎಂದವಳು ಸೆರಗಿನ ಸಂದಿಯಲ್ಲಿ ಕೆನ್ನೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಶಿವನೇ! ನಿನ್ನೂ ಬಿಟ್ಟಿಲ್ಲೇನಬೇ?"

ಜೋಕಾಲಿ ಆಡಿ, ಪಂಚಮಿ ಮುಗಿಸಿ ಬಂದೆ. ಬೀಗತಿಗೂ ಹೊಡೆದರೆಂಬ ಸುದ್ದಿ ನನಗಿಂತ ಮೊದಲೇ ಕೊಟ್ಟೂರಿಗೆ ಬಂದಿತ್ತು. ಕೇಳಿದ್ದೇ ಅತ್ತೆ ಸೀರೆ ಬದಲಿಸಿ ಹೊರಟು ನಿಂತರು. ದೊಡ್ಡವ್ವನನ್ನು ಕರೆಸಿಕೊಂಡು, ಅವಳ ಹಲ್ಲನ್ನೂ ಅದೇ ಡಾಕ್ಟರಿಗೆ ತೋರಿಸಲು, ನನ್ನನ್ನೂ ಎಳೆದುಕೊಂಡು ದಾವಣಗೆರೆ ಬಸ್ ಹತ್ತಿದರು. ಬೀಗತಿಯರಿಬ್ಬರೂ ಮೈಗೆ ಮೈ ತಾಗಿಸಿಕೊಂಡು ಒಂದೇ ಸೀಟಿನಲ್ಲಿ ಕೂತರು. ಕಂಡಕ್ಟರ್ ಬಂದು, ದೊಡ್ಡವ್ವನ ಇನ್ನೂ ಇಳಿಯದ ಕೆನ್ನೆಯ ಮೇಲೆ ಕಣ್ಣು ನಿಲ್ಲಿಸಿ, "ಎಲ್ಲಿಗ್ರವ್ವಾ?" ಎಂದ.

"ಯಾರೂ ಹೊಡ್ದಿಲ್ಲಪ್ಪಾ," ಎಂದರು ಇಬ್ಬರೂ ಒಟ್ಟಿಗೆ.