ರಾಹುಕಾಲದಲ್ಲಿ ತವರಿಗೆ ಹೊರಟ ಮೊಮ್ಮಗಳು

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಧಾರವಾಡದ ಕಡೆಯ ಪದ್ಧತಿ. ಅಮೆರಿಕಕ್ಕೆ ಬಂದರೂ ಬಿಟ್ಟಿಲ್ಲ. ಮೊಮ್ಮಗಳು ಮೇಘಾಳನ್ನು ರಾಲಿಯಲ್ಲಿರುವ ಗಂಡನ ಮನೆಯಿಂದ ಕರೆತರಲು ಬುಧವಾರ ಬೆಳಿಗ್ಗೆ ಆರಕ್ಕೆ ವಾಷಿಂಗ್ಟನ್ ಹತ್ತಿರದ ನಮ್ಮ ಊರು ಕೊಲಂಬಿಯಾ ಬಿಟ್ಟೆವು. ಕಾರು ನಡೆಸಿದವನು ಅವಳಪ್ಪ, ನನ್ನ ಅಳಿಯ ಪ್ರಕಾಶ. ಮುನ್ನೂರು ಮೈಲಿ, ಐದು ತಾಸಿನ ದಾರಿ ಎಂದಿದ್ದ. ವಾಷಿಂಗ್ಟನ್ ದಾಟುವುದಕ್ಕೇ ಎರಡು ತಾಸು ಹಿಡಿಯಿತು. ವರ್ಜೀನಿಯಾದಲ್ಲಿ ನಿಲ್ಲಿಸಿ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮಳೆ ಜಿನುಗುತ್ತಿತ್ತು. ನನ್ನ ಮೊಣಕಾಲು ಹಿಡಿದುಕೊಂಡವು.

ಮೇಘಾಳಿಗೆ ಮೂವತ್ತಾರು ವಾರ ತುಂಬಿತ್ತು. ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಒಳ್ಳೆಯ ಹೆಂಗಸು. ನಾವು ರಾಲಿ ಮುಟ್ಟಿದ ಕೂಡಲೇ ಬಿಸಿ ಅನ್ನ ಸಾರು ಬಡಿಸಿದಳು. ಬಡಿಸುತ್ತಲೇ ಪಂಚಾಂಗ ತೆಗೆದಳು.

"ನಾಳೆ ಒಂಬತ್ತರೊಳಗ ಹೊಂಡ್ರಿ ಅಕ್ಕಾರ. ಮಧ್ಯಾಹ್ನ ರಾಹುಕಾಲ."

"ಅತ್ತೆ, ನಾಳೆ ಒಂದು ಗಂಟೆಗೆ ನಂಗೆ ಅಪಾಯಿಂಟ್‌ಮೆಂಟ್ ಇದೆ. ಸ್ಟ್ರೆಪ್ ಟೆಸ್ಟ್," ಎಂದಳು ಮೇಘಾ.

"ಕೊಲಂಬಿಯಾದಾಗ ಮಾಡಿಸಿದ್ರಾತು," ಎಂದ ಪ್ರಕಾಶ.

"ಅಪ್ಪಾ, ಅಲ್ಲಿ ಡಾಕ್ಟರ್ ನೋಡೋದು ಎರಡು ವಾರ ಆದ್ಮೇಲೆ. ಅಷ್ಟರಲ್ಲಿ ಡೆಲಿವರಿ ಆದ್ರೆ?"

ಅದೇನು ಟೆಸ್ಟು ಎಂದು ಕೇಳಿದೆ.

"ಒಂದು ಬ್ಯಾಕ್ಟೀರಿಯಾ, ಅಜ್ಜಿ. ನಂಗೇನೂ ಮಾಡಲ್ಲ. ಹುಟ್ಟೋವಾಗ ಬೇಬಿಗೆ ಹೋದ್ರೆ ತುಂಬಾ ಸೀರಿಯಸ್ ಆಗ್ಬಹುದು. ನಂಗೆ ಇದೆ ಅಂತ ಗೊತ್ತಾದ್ರೆ ಲೇಬರ್‌ನಲ್ಲಿ ಆಂಟಿಬಯಾಟಿಕ್ ಡ್ರಿಪ್ ಹಾಕ್ತಾರೆ."

"ನಾವು ಹಡದಿಲ್ಲೇನು? ಆವಾಗ ಯಾವ ಟೆಸ್ಟ್ ಇತ್ತು?" ಎಂದಳು ಬೀಗತಿ.

"ಹಡದೇನಿ. ಐದು. ಉಳದದ್ದು ನಾಕು," ಎಂದೆ.

ಎರಡನೆಯದು ಮೊಲೆ ಬಿಟ್ಟು, ಜ್ವರದಿಂದ ಮೈ ಸುಟ್ಟು, ಮೂರನೇ ದಿನ ಹೋಯಿತು. ಗಾಳಿ ಸೋಕಿದೆ ಎಂದರು. ಇದೇ ರೋಗವೋ ಬೇರೆಯದೋ ನನಗೆ ಗೊತ್ತಿಲ್ಲ. ನೋಡಿದವರು ಯಾರು? ಆವತ್ತು ಹಿರಿಯರ ಮಾತು ಕೇಳಿ ಸುಮ್ಮನಿದ್ದೆ. ಈಗ ನಾನೇ ಹಿರಿಯಳು.

ಗುರುವಾರ ಎಂಟಕ್ಕೇ ಪೆಟ್ಟಿಗೆಗಳು ಕಾರು ಸೇರಿದವು. ಬಾಗಿಲ ಹತ್ತಿರ ತೂಗುತ್ತಿದ್ದ ಕಾರಿನ ಕೀಲಿ ತೆಗೆದು ನಡುವಿಗೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತೆ.

"ಅತ್ತೀ, ಕೀಲಿ ಕೊಡ್ರಿ," ಎಂದ ಪ್ರಕಾಶ.

"ಟೆಸ್ಟ್ ಆಗಲಿ. ಅವಸರ ಇದ್ರ ನಡಕೋತ ಹೋಗು, ಮುನ್ನೂರ ಮೈಲಿ."

ಮೇಘಾ ನಕ್ಕಳು. ಬೀಗತಿ ಪಂಚಾಂಗ ಮುಚ್ಚಿಟ್ಟಳು.

ಆಸ್ಪತ್ರೆಯಲ್ಲಿ ಹತ್ತಿಕಡ್ಡಿಯಿಂದ ಕೆಳಗೆ ಮುಂದೆ, ಹಿಂದೆ ಸವರಿ ಮಾದರಿ ತೆಗೆದರಂತೆ. ಒಂದು ನಿಮಿಷದ ಕೆಲಸ. ಇದಕ್ಕಾಗಿ ಇಷ್ಟು ರಂಪ. ಹೊರಗೆ ಬಂದಾಗ ಒಂದೂವರೆ. ರಾಹುಕಾಲದಲ್ಲೇ ಹೊರಟೆವು. ಪ್ರಕಾಶ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ. ನಾನು ನಿದ್ದೆ ಮಾಡಿದೆ. ಎಂಟಕ್ಕೆ ಕೊಲಂಬಿಯಾ ಮುಟ್ಟಿದೆವು.

ಸೋಮವಾರ ರಾಲಿಯಿಂದ ಫೋನು ಬಂತು. ಬ್ಯಾಕ್ಟೀರಿಯಾ ಇದೆ ಎಂದರು. ಮೇಘಾ ಆ ಕಾಗದ ತರಿಸಿಕೊಂಡು ಆಸ್ಪತ್ರೆಯ ಚೀಲದಲ್ಲಿ ಇಟ್ಟಳು.

ನಾವು ಬಂದ ಹನ್ನೊಂದನೇ ದಿನ, ಹೊಸ ಡಾಕ್ಟರ ಮುಖ ನೋಡುವ ಮೊದಲೇ ಮೇಘಾಳ ನೀರಿನ ಚೀಲ ಒಡೆಯಿತು. ಹೆರಿಗೆ ಕೋಣೆಯ ನರ್ಸ್ ಆ ಟೆಸ್ಟ್ ಆಗಿದೆಯೇ ಎಂದು ಕೇಳಿದಳು. ಮೇಘಾ ಕಾಗದ ಕೊಟ್ಟಳು. ತಕ್ಷಣ ಕೈಗೆ ಡ್ರಿಪ್ ಹಾಕಿದರು. ನಾಲ್ಕು ತಾಸಿನ ಮೇಲೆ ಇನ್ನೊಮ್ಮೆ ಹಾಕಿದರು. ಆಮೇಲೆ ಹೆಣ್ಣು ಕೂಸು ಹುಟ್ಟಿತು. ಎರಡು ದಿನ ಇಟ್ಟುಕೊಂಡು ನೋಡಿದರು. ಕೂಸಿಗೆ ಜ್ವರ ಬರಲಿಲ್ಲ.

ಬೀಗತಿಯ ಫೋನು ಬಂತು. "ಯಾವ ಗಳಿಗ್ಯಾಗ ಹುಟ್ಟತ್ರೀ ಅಕ್ಕಾರ? ಜಾತಕ ಬರೆಸಬೇಕು."

"ಎರಡನೇ ಡೋಸ್ ಔಷಧ ಮೈಗೆ ಹೋದ ಮ್ಯಾಲೆ," ಎಂದೆ. "ಹಂಗ ಬರಸ್ರಿ."